ಮಂದಣ್ಣನಿಗೆ ಆಟಿಸಂ ಅಂತ ಹೇಳಿಬಿಡಬಹುದಾ?

ಹುಳುಮನೆ, ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ನಾನು ರೇಷ್ಮೆ ಬೆಳೆಗಾರ. ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು. ಆದರೆ ಕಥೆ ಕಾದಂಬರಿ ಓದುವ ಚಟ ಬಿಟ್ಟಿಲ್ಲ. ತಿಂಗಳಿಗೊಂದು ಭಾನುವಾರ ನಾವು ಏಳೆಂಟು ಜನ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಗೆಳೆಯನ ಗೊಬ್ಬರದ ಅಂಗಡಿಯ ಹಿಂದಿನ ರೂಮೇ ನಮ್ಮ ಸಾಹಿತ್ಯ ಪರಿಷತ್ತು. ಯೂರಿಯಾ ಮೂಟೆ ಮೇಲೆ ಕೂತು, ಬೋಂಡಾ ತಿನ್ನುತ್ತಾ ವಿಮರ್ಶೆ.

ಹೋದ ತಿಂಗಳು ತೇಜಸ್ವಿಯವರ ‘ಕರ್ವಾಲೊ’ ಓದಿಕೊಂಡು ಬಂದಿದ್ದೆವು. 1980ರ ಪುಸ್ತಕ, ನಿಮ್ಮಲ್ಲಿ ಎಷ್ಟೋ ಜನ ಓದಿರುತ್ತೀರಿ. ಹಾರುವ ಓತಿಯ ಹಿಂದೆ ಬಿದ್ದ ವಿಜ್ಞಾನಿ ಕರ್ವಾಲೊ, ಅದನ್ನು ಕಾಡಿನಲ್ಲಿ ಕಣ್ಣಾರೆ ಕಂಡಿದ್ದ ಮಂದಣ್ಣ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಲೆಕ್ಕದಲ್ಲಿ ಅವನು ಹುಟ್ಟಾ ವಿಜ್ಞಾನಿ.

ನಮ್ಮ ಗುಂಪಿಗೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದಾನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಊರಿಗೆ ಬರುತ್ತಾನೆ. ಒಳ್ಳೆಯವನು, ನಮ್ಮೆಲ್ಲರಿಗಿಂತ ಜಾಸ್ತಿ ಓದಿದ್ದಾನೆ. ಬೋಂಡಾ ಕೈಯಲ್ಲಿ ಹಿಡಿದುಕೊಂಡೇ ಹೇಳಿದ: ‘ಮಂದಣ್ಣಂಗೆ ಆಟಿಸಂ ಅಣ್ಣಾ. ಕ್ಲಿಯರ್ ಆಗಿದೆ. ಜನರ ಜೊತೆ ಹೊಂದಲ್ಲ, ಒಂದೇ ವಿಷಯದಲ್ಲಿ ತಲೆ ಓಡುತ್ತೆ, ಊರವರು ದಡ್ಡ ಅಂತಾರೆ.’ ಅಲ್ಲಿಗೆ ನಿಲ್ಲಿಸಲಿಲ್ಲ. ‘ಕರ್ವಾಲೊಗೂ ಸ್ವಲ್ಪ ಇದೆ. ಒಂದು ಓತಿಗೋಸ್ಕರ ಯಾರಾದ್ರೂ ಅಷ್ಟು ಅಲೀತಾರಾ? ತೇಜಸ್ವಿಯವರಿಗೂ ಇದ್ದಿರಬೇಕು. ಪೇಟೆ ಬಿಟ್ಟು ಮೂಡಿಗೆರೆ ಕಡೆ ತೋಟದಲ್ಲಿ ಕೂತುಬಿಟ್ರಲ್ಲ.’ ಒಂದು ಬೋಂಡಾ ಮುಗಿಯುವುದರೊಳಗೆ ಮೂರು ಜನಕ್ಕೆ ಆಯಿತು.

ನನಗೆ ಕಿವಿ ಬಿಸಿಯಾಯಿತು. ಹುಳಕ್ಕೆ ಸೊಪ್ಪು ಹಾಕಬೇಕು ಅಂತ ಹೇಳಿ ಎದ್ದು ಬಂದೆ. ಅವತ್ತು ಹುಳಕ್ಕೆ ಸೊಪ್ಪು ಬೇಕಿರಲಿಲ್ಲ, ಜ್ವರಕ್ಕೆ ಕೂತಿತ್ತು.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಮೂರು ತುಂಬಿದರೂ ಅಮ್ಮ ಅಂದಿರಲಿಲ್ಲ. ‘ನೀನೂ ಲೇಟಾಗೇ ಮಾತಾಡಿದ್ದು ಕಣೋ’ ಅಂತ ನಮ್ಮಮ್ಮ ಸಮಾಧಾನ ಹೇಳುತ್ತಿದ್ದಳು. ದೃಷ್ಟಿ ತೆಗೆದೆವು, ತಾಯತ ಕಟ್ಟಿಸಿದೆವು. ಒಬ್ಬ ಡಾಕ್ಟರು ಕಿವಿ ಕೇಳಿಸುತ್ತಿಲ್ಲ ಅಂದರು. ಕಿವಿ ಟೆಸ್ಟ್ ಮಾಡಿಸಿದರೆ ಕಿವಿ ಸರಿಯಾಗಿದೆ. ಇನ್ನೊಬ್ಬರು ಮೊಬೈಲ್ ಜಾಸ್ತಿ ಕೊಟ್ಟಿದ್ದೀರಿ ಅಂತ ನನ್ನ ಹೆಂಡತಿಯನ್ನು ಬೈದು ಕಳಿಸಿದರು. ಆಗ ನಮ್ಮ ಮನೆಯಲ್ಲಿ ಇದ್ದಿದ್ದು ಬಟನ್ ಫೋನು. ಆಮೇಲೆ ಬೆಂಗಳೂರು. ಬೆಳಗಿನ ಮೊದಲ ಬಸ್ಸು, ತೊಡೆ ಮೇಲೆ ಮಗು, ಅವನು ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕಿವಿ ಮುಚ್ಚಿಕೊಂಡು ಕಿರುಚುವುದು, ಸೀಟಿನವರೆಲ್ಲ ತಿರುಗಿ ನೋಡುವುದು. ಆ ಒಂದು ಪದ ಕಾಗದದ ಮೇಲೆ ಬರುವಷ್ಟರಲ್ಲಿ ಎರಡು ವರ್ಷ ಆಯಿತು.

ನಮ್ಮ ಕಸುಬಿನ ಒಂದು ಸಂಗತಿ ಹೇಳುತ್ತೇನೆ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಹೊಸಬರು ನೋಡಿದರೆ ಏನೋ ರೋಗ ಅನ್ನುತ್ತಾರೆ. ರೋಗ ಅಲ್ಲ, ಅದು ಪೊರೆ ಬಿಡುವ ಹೊತ್ತು. ಗಂಟು ರೋಗ ಅಂತ ಇನ್ನೊಂದಿದೆ. ಅದು ತಾಯಿಯಿಂದ ಮೊಟ್ಟೆಗೆ ಬರುವ ರೋಗ. ಮೊಟ್ಟೆ ನೋಡಿದರೆ ಏನೂ ತಿಳಿಯುವುದಿಲ್ಲ. ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಲೂಯಿ ಪಾಶ್ಚರ್ 1865ರಲ್ಲಿ ಫ್ರಾನ್ಸಿನಲ್ಲಿ ಇದರ ಹಿಂದೆ ಬಿದ್ದಿದ್ದರು. ಇವತ್ತಿಗೂ ಮೊಟ್ಟೆ ತಯಾರಿಸುವ ನಮ್ಮ ಗ್ರೇನೇಜುಗಳಲ್ಲಿ ಅದೇ ಪದ್ಧತಿ. ಹೀಗೆ ಕೈಯಲ್ಲಿ ಹಿಡಿದ ಹುಳಕ್ಕೇ ರೋಗ ಇದೆ, ಇಲ್ಲ ಅಂತ ಹೇಳಲು ನಾವು ಹಿಂದೆಮುಂದೆ ನೋಡುತ್ತೇವೆ. ಪುಸ್ತಕದಲ್ಲಿ ಇರುವವನಿಗೆ, ತೀರಿಹೋದ ಬರಹಗಾರರಿಗೆ ಇಷ್ಟು ಸಲೀಸಾಗಿ ಹೇಳಬಹುದಾ? ಅಥವಾ ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡೆನಾ?

ನಿವೃತ್ತ ಕನ್ನಡ ಮೇಷ್ಟ್ರು, ಕೋಲಾರ:

ನೀವು ಎದ್ದು ಬಂದಿದ್ದು ತಪ್ಪಲ್ಲ. ಆದರೆ ಉತ್ತರ ಕೊಟ್ಟು ಬರಬೇಕಿತ್ತು.

ಮಂದಣ್ಣನನ್ನು ನಾವು ಯಾರೂ ನೋಡಿಲ್ಲ. ನಮಗೆ ಸಿಗುವುದು ಕಥೆ ಹೇಳುವವನ ಕಣ್ಣಿಗೆ ಬಿದ್ದ ಮಂದಣ್ಣ. ಆ ಹೇಳುವವನೇ ಮೊದಲು ಇವನನ್ನು ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಕರ್ವಾಲೊ ಬಂದು ಇವನ ಬೆಲೆ ಹೇಳಿದಾಗ ಅವನಿಗೇ ತಬ್ಬಿಬ್ಬು. ಮನುಷ್ಯನನ್ನು ಒಂದು ನೋಟದಲ್ಲಿ ಅಳೆದುಬಿಡುವ ನಮ್ಮ ಅವಸರವೇ ಆ ಪುಸ್ತಕದ ಅರ್ಧ ಕಥೆ. ಊರವರು ದಡ್ಡ ಅಂದರು. ನಿಮ್ಮ ಸಾಫ್ಟ್‌ವೇರ್ ಹುಡುಗ ಆಟಿಸಂ ಅಂದ. ಪದ ಬದಲಾಯಿತು, ಅವಸರ ಅದೇ.

ಇನ್ನೊಂದು ತಮಾಷೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದಿದ್ದು 1943ರಲ್ಲಿ. ನಮ್ಮ ಮುಳಬಾಗಿಲಿನ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಬಂದಿದ್ದೂ 1943ರಲ್ಲೇ. ತಿಮ್ಮನಿಗೆ ಯಾಕೆ ಮಂಕು ಬಡಿದಿದೆ, ಟೆಸ್ಟ್ ಮಾಡಿಸೋಣ ಅಂತ ಇದುವರೆಗೂ ಯಾರೂ ಕೇಳಿಲ್ಲ. ಕೇಳುವ ಕಾಲ ದೂರ ಇಲ್ಲ ಅನ್ನಿಸುತ್ತದೆ.

ತೇಜಸ್ವಿಯವರ ವಿಷಯಕ್ಕೆ ಬಂದರೆ, ಪೇಟೆ ಬೇಡ ಅಂದವರೆಲ್ಲ ಜನ ಬೇಡ ಅಂದವರಲ್ಲ. ಅವರ ಪುಸ್ತಕದ ತುಂಬ ಇರುವವರು ಜನರೇ ಅಲ್ವಾ.

ಮಾವಿನತೋಪು, ಚಿಂತಾಮಣಿ:

ಹಾಗಾದರೆ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೂ ಪಟ್ಟಿಗೆ ಸೇರಿಸಿ. ಟೈಮಿಗೆ ಸರಿಯಾಗಿ ಬರುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ.

ನಿವೃತ್ತ ಕನ್ನಡ ಮೇಷ್ಟ್ರು, ಕೋಲಾರ:

ಟೈಮಿಗೆ ಬರುವುದೇ ಲಕ್ಷಣ ಆದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಒಂದು ಕೇಸೂ ಸಿಗಲಿಕ್ಕಿಲ್ಲ.

ಮಕ್ಕಳ ಥೆರಪಿ, ಚಿಕ್ಕಬಳ್ಳಾಪುರ:

ನಾನು ಇಂಥ ಮಕ್ಕಳ ಜೊತೆ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹುಳುಮನೆ ಸಾರ್, ನಿಮ್ಮ ಎರಡು ವರ್ಷದ ಕಥೆ ನನಗೆ ಹೊಸದಲ್ಲ. ಆ ಬಟನ್ ಫೋನಿನ ಮಾತು ಓದಿ ನಗು ಬಂತು, ಆಮೇಲೆ ಬೇಜಾರಾಯಿತು.

ನಮ್ಮ ದೇಶದಲ್ಲಿ ಆಟಿಸಂ ಸರ್ಟಿಫಿಕೇಟಿಗೆ ಬಳಸುವ ಒಂದು ಅಳತೆ ಇದೆ, ಐಎಸ್‌ಎಎ ಅಂತ. 40 ಪ್ರಶ್ನೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಟಿಸಂ ಕಡೆಗೆ ಬರುತ್ತದೆ. ಮಗು ಕಣ್ಣು ಕೊಟ್ಟು ನೋಡುತ್ತದಾ, ಹೇಳಿದ್ದನ್ನೇ ತಿರುಗಿಸಿ ಹೇಳುತ್ತದಾ, ದಿನದ ಕ್ರಮ ಬದಲಾದರೆ ರಂಪ ಮಾಡುತ್ತದಾ, ಹೀಗೆ. ಮಗುವನ್ನು ಕೂರಿಸಿಕೊಂಡು ನೋಡಬೇಕು, ತಾಯಿ ತಂದೆಯನ್ನು ಕೂರಿಸಿಕೊಂಡು ಕೇಳಬೇಕು. ಚಿಕ್ಕಂದಿನಲ್ಲಿ ಹೇಗಿದ್ದ ಅನ್ನುವುದು ಬಹಳ ಮುಖ್ಯ.

ನಿಮ್ಮ ಪ್ರಶ್ನೆ ಓದಿದ ಮೇಲೆ ಒಂದು ಹುಚ್ಚು ಕೆಲಸ ಮಾಡಿದೆ. ರಾತ್ರಿ ಊಟ ಆದ ಮೇಲೆ ಮಂದಣ್ಣನಿಗೆ ಆ ಫಾರಂ ತುಂಬಲು ಕೂತೆ. ನೆನಪಿದ್ದ ಮಟ್ಟಿಗೆ ಏಳೆಂಟು ಪ್ರಶ್ನೆಗೆ ಏನೋ ಒಂದು ಉತ್ತರ ಬಂತು. ಮಿಕ್ಕಿದ್ದೆಲ್ಲ ಖಾಲಿ. ಅವನು ಎರಡು ವರ್ಷದವನಿದ್ದಾಗ ಹೇಗಿದ್ದ ಅಂತ ಯಾರನ್ನು ಕೇಳಲಿ? ಪುಸ್ತಕದಲ್ಲಿ ಬರೆದಿದ್ದಷ್ಟೇ ಅವನು, ಅದರಾಚೆ ಅವನಿಲ್ಲ. ನಮ್ಮ ಯಜಮಾನರು ಬಂದು ‘ಯಾರ ಮಗುದು ಇದು?’ ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಬರಹಗಾರರ ವಿಷಯ ಇನ್ನೂ ಸೂಕ್ಷ್ಮ. ಅವರು ನಿಜವಾಗಿ ಬದುಕಿದ್ದವರು. ಅಮೆರಿಕದಲ್ಲಿ 1964ರಲ್ಲಿ ಒಂದು ಪತ್ರಿಕೆ ಮನೋವೈದ್ಯರಿಗೆಲ್ಲ ಕಾಗದ ಬರೆದು, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಅವರ ತಲೆ ಸರಿ ಇದೆಯಾ ಅಂತ ಕೇಳಿತು. 1,189 ಡಾಕ್ಟರುಗಳು ಅವರು ಆ ಹುದ್ದೆಗೆ ಲಾಯಕ್ಕಿಲ್ಲ ಅಂತ ಬರೆದುಕೊಟ್ಟರು. ಅವರನ್ನು ಪರೀಕ್ಷೆ ಮಾಡಿ ಬರೆದಿದ್ದಲ್ಲ. ಗೋಲ್ಡ್‌ವಾಟರ್ ಕೋರ್ಟಿಗೆ ಹೋಗಿ ಗೆದ್ದರು. ನೋಡದ ವ್ಯಕ್ತಿಯ ಬಗ್ಗೆ ಹೀಗೆ ಅಭಿಪ್ರಾಯ ಕೊಡಬಾರದು ಅಂತ 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ನಿಯಮ ಮಾಡಿತು. ಡಾಕ್ಟರಿಗೇ ಬೇಡ ಅಂದ ಕೆಲಸ ಓದುಗರಿಗೆ ಯಾಕೆ?

ಅಡಿಕೆ ಲೆಕ್ಕ, ತುಮಕೂರು:

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನನಗೆ 34. ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 31ಕ್ಕೆ. ಅಲ್ಲಿಯವರೆಗೆ ನನಗಿದ್ದ ಹೆಸರು ಕೊಬ್ಬು. ‘ಮುಖ ನೋಡಿ ಮಾತಾಡಲ್ಲ, ಎಷ್ಟು ಕೊಬ್ಬು ಇವಳಿಗೆ.’ ಮದುವೆ ಮನೆಯಲ್ಲಿ ವಾಲಗ ಶುರುವಾದರೆ ನಾನು ಅಡುಗೆಯವರ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ ಹೋಗಿ ನಿಲ್ಲುತ್ತಿದ್ದೆ. ತಟ್ಟೆ ಸದ್ದು ಆಗುತ್ತಿತ್ತು, ಆದರೆ ಆ ಸದ್ದು ಮುಂದೆ ಯಾವಾಗ ಬರುತ್ತದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಅದು ಸಹಿಸಬಹುದು.

ಹೈಸ್ಕೂಲಿನಲ್ಲಿ ಲೈಬ್ರರಿಯಿಂದ ಷರ್ಲಾಕ್ ಹೋಮ್ಸ್ ಕನ್ನಡದಲ್ಲಿ ತಂದು ಓದಿದೆ. ಸಿಗರೇಟಿನ ಬೂದಿಯಲ್ಲಿ ಎಷ್ಟು ಬಗೆ ಅಂತ ಅವನಿಗೆ ಗೊತ್ತು, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂತ ಗೊತ್ತಿಲ್ಲ! ಗೊತ್ತಾದರೂ ಅದನ್ನು ಮರೆಯಲು ನೋಡುತ್ತೇನೆ ಅನ್ನುತ್ತಾನೆ. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಥರದವನು ಒಬ್ಬ ಇದ್ದಾನೆ. ಅವನನ್ನು ಯಾರೂ ಕೊಬ್ಬು ಅನ್ನುವುದಿಲ್ಲ. ಅನ್ನುತ್ತಾರೆ, ಆದರೂ ಹುಡುಕಿಕೊಂಡು ಬರುತ್ತಾರೆ. ಬರೆದ ಕಾನನ್ ಡಾಯ್ಲ್ ತನ್ನ ಮೇಷ್ಟ್ರು, ಡಾಕ್ಟರ್ ಜೋಸೆಫ್ ಬೆಲ್ ಅವರನ್ನು ನೋಡಿ ಅವನನ್ನು ಕಟ್ಟಿದ್ದು. ಮೊದಲ ಕಥೆ ಬಂದಿದ್ದು 1887ರಲ್ಲಿ. ಕ್ಯಾನರ್ ಬರೆಯುವುದಕ್ಕೆ 56 ವರ್ಷ ಮುಂಚೆ. ಹಾಗಾಗಿ ಡಾಯ್ಲ್ ಆಟಿಸಂ ಬಗ್ಗೆ ಬರೆದರು ಅಂತ ನಾನೂ ಹೇಳುವುದಿಲ್ಲ. ಆದರೆ ಅವನು ನನಗೆ ನೆಂಟ. ಥೆರಪಿ ಮೇಡಂ, ನಿಮ್ಮ 40 ಪ್ರಶ್ನೆ ನನ್ನ ಹತ್ತಿರ ಬರುವಷ್ಟರಲ್ಲಿ ನನಗೆ 31 ಆಗಿತ್ತು. ಅಲ್ಲಿಯವರೆಗೆ ನನಗೆ ಇದ್ದವನು ಅವನೊಬ್ಬನೇ.

ಹುಳುಮನೆ ಅಣ್ಣಾ, ನಿಮ್ಮನ್ನು ಒಂದು ಕೇಳಲಾ? ಆ ಹುಡುಗ ‘ಮಂದಣ್ಣ ಎಡಚ’ ಅಂದಿದ್ದರೆ ನಿಮ್ಮ ಕಿವಿ ಬಿಸಿಯಾಗುತ್ತಿತ್ತಾ? ಪುಸ್ತಕದಲ್ಲಿ ಎಲ್ಲಿದೆ ತೋರಿಸು ಅಂತ ಕೇಳಿ ಸುಮ್ಮನಾಗುತ್ತಿದ್ದಿರಿ. ನೀವು ಉದಾಹರಣೆಗೆ ತಂದಿದ್ದು ಗಂಟು ರೋಗ. ಗಂಟು ರೋಗ ಬಂದ ಮೊಟ್ಟೆಯನ್ನು ಏನು ಮಾಡುತ್ತೀರಿ? ಸುಡುತ್ತೀರಿ ಅಲ್ವಾ. ಬರೆಯುವಾಗ ನೀವು ಅದನ್ನು ಯೋಚಿಸಿರಲಿಕ್ಕಿಲ್ಲ. ನಾನು ಓದುವಾಗ ಯೋಚಿಸಿದೆ.

ಇನ್ನೊಂದು, ಆ ಹುಡುಗನಿಗೆ ಮಂದಣ್ಣನಲ್ಲಿ ಅದು ಅಷ್ಟು ಬೇಗ ಯಾಕೆ ಕಂಡಿತು ಅಂತ ಕೇಳಿದಿರಾ? ಕೆಲವು ಸಲ ತಮ್ಮ ಬಗ್ಗೆ ಹೇಳಲಾಗದವರು ಪುಸ್ತಕದವರ ಬಗ್ಗೆ ಹೇಳುತ್ತಾರೆ.

ಮಕ್ಕಳ ಥೆರಪಿ, ಚಿಕ್ಕಬಳ್ಳಾಪುರ:

ತುಮಕೂರಿನವರೇ, ನೀವು ಹೇಳಿದ್ದು ಒಪ್ಪುತ್ತೇನೆ. ದೊಡ್ಡವರಾದ ಮೇಲೆ ಗೊತ್ತಾಗುವ ಹೆಂಗಸರು ನನ್ನ ಹತ್ತಿರವೂ ಈಗ ಬರುತ್ತಿದ್ದಾರೆ. ನನ್ನ ತಕರಾರು ಒಂದೇ. ಸಿನಿಮಾ, ಪುಸ್ತಕ ನೋಡಿ ಜನ ಒಂದು ಅಚ್ಚು ಮಾಡಿಕೊಳ್ಳುತ್ತಾರೆ. 1988ರಲ್ಲಿ ‘ರೇನ್ ಮ್ಯಾನ್’ ಬಂದ ಮೇಲೆ ಆಟಿಸಂ ಅಂದರೆ ಲೆಕ್ಕದ ಮಾಂತ್ರಿಕ ಅನ್ನುವಂತಾಯಿತು. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರ ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ನರದ ಸೇತುವೆಯೇ ಹುಟ್ಟಿನಿಂದ ಇರಲಿಲ್ಲ. ಅವರದ್ದು ಆಟಿಸಂ ಅಲ್ಲ ಅಂತ ತಿಳಿದವರು ಆಮೇಲೆ ಹೇಳಿದರು. ಆದರೆ ಅಚ್ಚು ಉಳಿಯಿತು. ಇವತ್ತಿಗೂ ತಂದೆ ತಾಯಿ ನನ್ನ ಹತ್ತಿರ ಬಂದು ‘ನಮ್ಮ ಮಗುವಿಗೆ ಏನು ಟ್ಯಾಲೆಂಟ್ ಇದೆ, ಹುಡುಕಿಕೊಡಿ’ ಅಂತಾರೆ.

ಹುಳುಮನೆ, ಶಿಡ್ಲಘಟ್ಟ:

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಈ ಕಡೆ ಬರಲಾಗಲಿಲ್ಲ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು.

ತುಮಕೂರಿನ ಅಕ್ಕ, ನಿಮ್ಮ ಸುಡುವ ಮಾತು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಹೌದು, ಸುಡುತ್ತಾರೆ. ನಾನು ಅದನ್ನು ಯೋಚಿಸಿರಲಿಲ್ಲ. ತಪ್ಪಾಯಿತು. ಎಡಚನ ಪ್ರಶ್ನೆಗೂ ಸತ್ಯ ಹೇಳುತ್ತೇನೆ. ಕಿವಿ ಬಿಸಿಯಾಗುತ್ತಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಮಂದಣ್ಣನ ಪರವಾಗಿ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ.

ಟ್ಯಾಲೆಂಟ್ ವಿಷಯ ನಿಜ ಮೇಡಂ. ಸಂಬಂಧಿಕರ ಮದುವೆಯಲ್ಲಿ ಒಬ್ಬರು ನನ್ನ ಮಗನನ್ನು ನಿಲ್ಲಿಸಿಕೊಂಡು ‘2031, ಆಗಸ್ಟ್ 15 ಯಾವ ವಾರ ಹೇಳು’ ಅಂತ ಕೇಳಿದರು. ಅವನು ಅವರ ಅಂಗಿಯ ಗುಂಡಿ ಎಣಿಸುತ್ತಿದ್ದ. ಹುಳದ ಮನೆಯಲ್ಲೂ ಅವನಿಂದ ಏನೂ ಪವಾಡ ಇಲ್ಲ. ಹಣ್ಣಾದ ಹುಳ ಬೆಳಕಿಗೆ ಹಿಡಿದರೆ ಗಾಜಿನ ಥರ ಕಾಣುತ್ತದೆ, ಅದನ್ನು ಆರಿಸಿ ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಅವನು ಹಣ್ಣು ಕಾಯಿ ಏನೂ ನೋಡುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಚಂದ್ರಿಕೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾನೆ. ತಲೆ ಎಲ್ಲ ಒಂದೇ ಕಡೆ ಇರಬೇಕು. ಹುಳ ಅಂದ ಮೇಲೆ ಹರಿಯುತ್ತದಲ್ಲ, ಒಂದು ಸಾಲು ಬಿಟ್ಟರೆ ಅಳು. ಸೀಸನ್ ಜೋರಾಗಿರುವಾಗ ನಾನು ಇದಕ್ಕೆ ಅವನ ಮೇಲೆ ರೇಗಿದ್ದೂ ಇದೆ.

ಒಂದು ರಾತ್ರಿ ಕರ್ವಾಲೊ ಕಥೆಯನ್ನು ನಮ್ಮಮ್ಮನಿಗೆ ಹೇಳಿದೆ. ಅವಳಿಗೆ ಓದು ಬರಹ ಬರುವುದಿಲ್ಲ. ಸೊಪ್ಪು ಬಿಡಿಸುತ್ತಾ ಕೇಳಿದಳು. ಮಂದಣ್ಣನ ವಿಷಯ ಬಂದಾಗ ‘ನಮ್ ಹುಡುಗನ ಥರಾನೇ ಕಣೋ’ ಅಂದಳು. ನನಗೆ ಸಿಟ್ಟು ಬರಲಿಲ್ಲ. ‘ಥರ’ ಅನ್ನುವುದಕ್ಕೂ ‘ಇದೆ’ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಂತ ಮೊದಲು ಅನ್ನಿಸಿತು. ತುಮಕೂರಿನ ಅಕ್ಕನೂ ಹೋಮ್ಸ್‌ನನ್ನು ನನ್ನ ಥರ ಅಂತಲೇ ಹೇಳಿದ್ದು. ‘ಥರ’ ಅನ್ನುವವರು ಪಕ್ಕದಲ್ಲಿ ಬಂದು ಕೂರುತ್ತಾರೆ. ‘ಇದೆ’ ಅಂದವನು ಎದುರಿನ ಟೇಬಲ್ಲಿನಲ್ಲಿ ಕೂತ ಹಾಗೆ ಇತ್ತು ನನಗೆ. ಹೇಳಿದವಳು ಅಮ್ಮ ಅನ್ನುವುದಕ್ಕೇ ಸಿಟ್ಟು ಬರಲಿಲ್ಲವೋ ಏನೋ, ಅದೂ ಇರಬಹುದು.

ಆ ಹುಡುಗನಿಗೆ ಫೋನ್ ಮಾಡಿದೆ. ನಿನಗೆ ಅದು ಅಷ್ಟು ಬೇಗ ಹೇಗೆ ಕಂಡಿತಪ್ಪಾ ಅಂತ ಕೇಳಿದೆ. ಅಕ್ಕ ಹೇಳಿದ ಹಾಗೆ ಒಳಗೇನಾದರೂ ಇರುತ್ತದಾ ಅಂತ ಮೆತ್ತಗೇ ಕೇಳಿದೆ. ‘ಇಲ್ಲ ಅಣ್ಣಾ, ರೀಲ್ಸ್‌ನಲ್ಲಿ ನೋಡಿದ್ದೆ’ ಅಂದ.

ಅಡಿಕೆ ಲೆಕ್ಕ, ತುಮಕೂರು:

ಹೋಗಲಿ ಬಿಡಿ. ನನ್ನ ಊಹೆ ತಪ್ಪಾಯಿತು. ನಾನೂ ಅವನನ್ನು ನೋಡದೆ ಹೇಳಿದೆ ನೋಡಿ.

ನಿವೃತ್ತ ಕನ್ನಡ ಮೇಷ್ಟ್ರು, ಕೋಲಾರ:

ಮುಂದೆ ಏನಾಯಿತು, ಅವನು ಮತ್ತೆ ಬಂದನಾ?

ಹುಳುಮನೆ, ಶಿಡ್ಲಘಟ್ಟ:

ಬಂದ ಮೇಷ್ಟ್ರೇ. ಮಗನ ವಿಷಯ ಫೋನಿನಲ್ಲೇ ಹೇಳಿದ್ದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ ಸಾರಿ ಅಂದ. ಸಾರಿ ಬೇಡ, ಮನೆಗೆ ಬಾ ಅಂದೆ. ಮೊನ್ನೆ ಭಾನುವಾರ ಬಂದ. ಮಗ ಗೇಟಿನ ಹತ್ತಿರವೇ ನಿಂತು ‘ಗಾಡಿ ನಂಬರ್ ಏನು’ ಅಂತ ಕೇಳಿದ. ಹೇಳಿದ. ಮತ್ತೆ ಕೇಳಿದ. ಮತ್ತೆ ಹೇಳಿದ. ಕಾಫಿ ಮುಗಿಯುವುದರೊಳಗೆ ಹದಿನಾಲ್ಕು ಸಲ ಆಯಿತು, ನನ್ನ ಹೆಂಡತಿ ಎಣಿಸಿದ್ದಾಳೆ. ಹದಿನಾಲ್ಕು ಸಲವೂ ಪೂರ್ತಿ ಹೇಳಿದ, ಕೆಎಯಿಂದ ಹಿಡಿದು. ನಾನು ಸಾಮಾನ್ಯವಾಗಿ ಮೂರನೇ ಸಲಕ್ಕೆ ಸಾಕು ಅಂದುಬಿಡುತ್ತೇನೆ.

ಆಟಿಸಂ ಬಗ್ಗೆ ಇಬ್ಬರೂ ಏನೂ ಮಾತಾಡಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಕರ್ವಾಲೊ ಮಾತ್ರ ಗ್ಯಾರಂಟಿ ಅಣ್ಣಾ, ಅಂದ. ಪುಸ್ತಕ ಇನ್ನೊಂದು ಸಲ ಓದಿಕೊಂಡು ಬಾ ಅಂದೆ.

ಈ ತಿಂಗಳ ಪುಸ್ತಕ ಇನ್ನೂ ಗೊತ್ತಾಗಿಲ್ಲ. ಗೂಡು ಬಿಡಿಸಿ ಆಯಿತು, ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಬೇಕು. ರೇಟ್ ಹೇಗಿದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.